ಐವತ್ತು ವರ್ಷದ ಸಂಸಾರ, ಮೂರು ಕಾಗದ: ಸಾವಿತ್ರಿಬಾಯಿ ಮತ್ತು ಜ್ಯೋತಿಬಾ ಫುಲೆ



ಇವತ್ತು ಒಂದು ಮದುವೆಯ ಕಥೆ ಹೇಳ್ತೀನಿ. 1840ರಲ್ಲಿ ಶುರುವಾಗಿ 1890ರವರೆಗೆ ನಡೆದ ಮದುವೆ. ಸರಿಯಾಗಿ ಐವತ್ತು ವರ್ಷ. ಆ ಐವತ್ತು ವರ್ಷದಲ್ಲಿ ಹೆಂಡತಿ ಗಂಡನಿಗೆ ಬರೆದದ್ದರಲ್ಲಿ ನಮಗೆ ಸಿಕ್ಕಿರೋದು ಮೂರೇ ಮೂರು ಕಾಗದ. 1856ರದ್ದು ಒಂದು, 1868ರದ್ದು ಒಂದು, 1877ರದ್ದು ಒಂದು. ನೀವು ನಾನು ಒಂದು ಮಧ್ಯಾಹ್ನದಲ್ಲಿ ಕಳಿಸೋ ಮೆಸೇಜು ಅದಕ್ಕಿಂತ ಜಾಸ್ತಿ ಇರುತ್ತೆ. ಆದ್ರೆ ಆ ಮೂರು ಕಾಗದ ಓದಿದ್ರೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಎಷ್ಟು ನಂಬಿದ್ರು ಅನ್ನೋದು ಗೊತ್ತಾಗುತ್ತೆ.

ಹೆಂಡತಿಯ ಹೆಸರು ಸಾವಿತ್ರಿಬಾಯಿ ಫುಲೆ. ಗಂಡನ ಹೆಸರು ಜ್ಯೋತಿಬಾ ಫುಲೆ. ಇಬ್ಬರ ಫೋಟೋನೂ ನೀವು ಶಾಲೆ ಗೋಡೆ ಮೇಲೆ, ಸಭೆಗಳ ಬ್ಯಾನರ್ ಮೇಲೆ ನೋಡಿರ್ತೀರಿ. ಜನವರಿ 3 ಬಂದ್ರೆ ವಾಟ್ಸಾಪ್ ಸ್ಟೇಟಸ್‌ನಲ್ಲೂ ಬರುತ್ತೆ. ದೇಶದ ಮೊದಲ ಶಿಕ್ಷಕಿ, ಸಮಾಜ ಸುಧಾರಕ ಅಂತ ಒಂದೊಂದು ಸಾಲಲ್ಲಿ ಹೇಳಿ ಮುಗಿಸ್ತೀವಿ. ಅವರು ಒಂದು ಮನೆ ನಡೆಸಿದ ಗಂಡ ಹೆಂಡತಿ ಅನ್ನೋದನ್ನ ಮಾತ್ರ ಯಾರೂ ಅಷ್ಟಾಗಿ ಮಾತಾಡಲ್ಲ. ಇವತ್ತು ಅದನ್ನೇ ಮಾತಾಡೋಣ.

ಒಂಬತ್ತು ವರ್ಷದ ಹುಡುಗಿ, ಹದಿಮೂರು ವರ್ಷದ ಹುಡುಗ

ಮೊದಲೇ ಒಂದು ವಿಷಯ ನೇರವಾಗಿ ಹೇಳಿಬಿಡ್ತೀನಿ. ಇದು ಬಾಲ್ಯವಿವಾಹ. ಹುಡುಗಿಗೆ ಒಂಬತ್ತು ವರ್ಷ, ಹುಡುಗನಿಗೆ ಹದಿಮೂರು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಇತ್ತು. ಮುಂದೆ ಇದೇ ಇಬ್ಬರು ಬಾಲ್ಯವಿವಾಹದ ವಿರುದ್ಧ, ಅದರಿಂದ ವಿಧವೆಯರಾದ ಹೆಣ್ಣುಮಕ್ಕಳ ಪರವಾಗಿ ಜೀವಮಾನ ಪೂರ್ತಿ ಹೋರಾಡಿದರು.

ಸಾವಿತ್ರಿ ಹುಟ್ಟಿದ್ದು 1831ರ ಜನವರಿ 3ರಂದು, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವ್ ಅನ್ನೋ ಹಳ್ಳಿಯಲ್ಲಿ. ತಂದೆ ಖಂಡೋಜಿ ನೇವಸೆ ಪಾಟೀಲ್, ತಾಯಿ ಲಕ್ಷ್ಮೀಬಾಯಿ. ಜ್ಯೋತಿಬಾ ಅವರದ್ದು ಪುಣೆಯ ಮಾಳಿ ಕುಟುಂಬ, ಅಂದ್ರೆ ಹೂವು ತರಕಾರಿ ಬೆಳೆಯೋ ಮನೆತನ. ಹೂವಿನ ಕಸುಬಿನಿಂದಲೇ 'ಫುಲೆ' ಅನ್ನೋ ಹೆಸರು ಬಂತು. ತಾಯಿ ಚಿಮಣಾಬಾಯಿ ಮಗು ಇನ್ನೂ ಅಂಬೆಗಾಲಿಡೋ ಹೊತ್ತಿಗೇ ತೀರಿಕೊಂಡರು. ಸಾಕಿದ್ದು ಸಗುಣಾಬಾಯಿ ಅನ್ನೋ ವಿಧವೆ ಬಂಧು.

ಮದುವೆಯಾಗಿ ಬಂದಾಗ ಸಾವಿತ್ರಿಗೆ ಅಕ್ಷರ ಬರ್ತಿರಲಿಲ್ಲ. ಜ್ಯೋತಿಬಾ ಸ್ಕಾಟಿಷ್ ಮಿಷನ್ ಶಾಲೆಗೆ ಹೋಗ್ತಿದ್ರು. ಅಲ್ಲಿ ಕಲಿತದ್ದನ್ನ ಮನೇಲಿ ಹೆಂಡತಿಗೆ, ಸಗುಣಾಬಾಯಿಗೆ ಕಲಿಸೋಕೆ ಶುರು ಮಾಡಿದರು. ಆಮೇಲೆ ಸಾವಿತ್ರಿಬಾಯಿ ಶಿಕ್ಷಕಿಯ ತರಬೇತಿಯನ್ನೂ ಪಡೆದರು.

ಈ ಮದುವೆಯ ನಿಜವಾದ ಶುರುವಾತು ಇಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ಶಾಸ್ತ್ರದ ಮದುವೆ 1840ರಲ್ಲಿ ಆಯ್ತು, ಅದರಲ್ಲಿ ಇಬ್ಬರನ್ನೂ ಯಾರೂ ಕೇಳಿರಲಿಲ್ಲ. ಓದು ಬರಹ ಶುರುವಾದ ದಿನ ಮಾತ್ರ ಇಬ್ಬರೂ ಸೇರಿ ಮಾಡಿದ ಮೊದಲ ತೀರ್ಮಾನ.

ಎರಡನೇ ಸೀರೆ

1848. ಪುಣೆಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಜ್ಯೋತಿಬಾಗೆ ಇಪ್ಪತ್ತೊಂದು, ಸಾವಿತ್ರಿಬಾಯಿಗೆ ಹದಿನೇಳು. ಇವತ್ತಾದ್ರೆ ಪಿಯುಸಿ ಓದೋ ವಯಸ್ಸು. ಬೆರಳೆಣಿಕೆಯ ಹುಡುಗಿಯರು ಬಂದರು. ಪಾಠ ಹೇಳೋಕೆ ನಿಂತವರು ಸಾವಿತ್ರಿಬಾಯಿ.

ಇಲ್ಲಿಂದ ಕಷ್ಟ ಶುರು. ಶಾಲೆಗೆ ನಡೆದು ಹೋಗೋ ದಾರಿಯಲ್ಲಿ ಜನ ಬೈತಿದ್ರು. ಸಗಣಿ, ಕೆಸರು, ಕಲ್ಲು ಎಸೀತಿದ್ರು. ಅದಕ್ಕೆ ಅವರು ಮಾಡಿಕೊಂಡ ಉಪಾಯ ಇಷ್ಟೇ. ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗೋದು. ಶಾಲೆ ಮುಟ್ಟಿ, ಗಲೀಜಾದ ಸೀರೆ ಬದಲಾಯಿಸಿ, ಪಾಠಕ್ಕೆ ನಿಲ್ಲೋದು.

ಈ ಎರಡನೇ ಸೀರೆಯ ಕಥೆ ಎಲ್ಲರಿಗೂ ಗೊತ್ತು. ನಾನು ಯೋಚನೆ ಮಾಡೋದು ಇನ್ನೊಂದನ್ನ. ಪ್ರತಿ ಸಂಜೆ ಆ ಕೊಳೆ ಸೀರೆ ಮನೆಗೆ ಬರ್ತಿತ್ತಲ್ಲ? ಅದನ್ನ ಒಗೀಬೇಕು, ಒಣಗಿಸಬೇಕು, ಬೆಳಗ್ಗೆ ಮತ್ತೆ ಮಡಚಿ ಚೀಲಕ್ಕೆ ಹಾಕಬೇಕು. ಸಾಕು, ನಾಳೆಯಿಂದ ಹೋಗಬೇಡ ಅಂತ ಗಂಡ ಒಂದು ಮಾತು ಹೇಳಿದ್ರೆ ಊರೆಲ್ಲ ಭೇಷ್ ಅಂತಿತ್ತು. ನನ್ನ ಕೈಲಾಗಲ್ಲ ಅಂತ ಹೆಂಡತಿ ಹೇಳಿದ್ರೂ ಯಾರೂ ತಪ್ಪು ಅಂತಿರಲಿಲ್ಲ. ಇಬ್ಬರೂ ಶಾಲೆ ಬಿಡಲಿಲ್ಲ.

1849ರಲ್ಲಿ ದೊಡ್ಡ ಪೆಟ್ಟು ಬಿತ್ತು. ಜಾತಿಯವರ ಒತ್ತಡಕ್ಕೆ ಮಣಿದ ಜ್ಯೋತಿಬಾರ ತಂದೆ ಗೋವಿಂದರಾವ್, ಶಾಲೆ ಬಿಡಿ, ಇಲ್ಲಾಂದ್ರೆ ಮನೆ ಬಿಡಿ ಅಂದರು. ಮಗ ಸೊಸೆ ಇಬ್ಬರೂ ಮನೆ ಬಿಟ್ಟರು. ಆಗ ಜಾಗ ಕೊಟ್ಟವರು ಗೆಳೆಯ ಉಸ್ಮಾನ್ ಶೇಖ್. ಹದಿನೆಂಟು ವರ್ಷದ ಸೊಸೆ ಅತ್ತೆಮನೆಯಿಂದ ಹೊರಗೆ ನಡೆಯೋದು ಅಂದ್ರೆ ಆ ಕಾಲದಲ್ಲಿ ನೆಂಟರು, ನೆರೆಹೊರೆ, ಹಬ್ಬಹರಿದಿನ ಎಲ್ಲಾ ಬಿಟ್ಟ ಹಾಗೆ.

ಶಾಲೆ ಮಾತ್ರ ಬೆಳೀತು. 1851ರ ಕೊನೆಯ ಹೊತ್ತಿಗೆ ಪುಣೆಯಲ್ಲಿ ಅವರು ನಡೆಸ್ತಿದ್ದ ಹೆಣ್ಣುಮಕ್ಕಳ ಶಾಲೆಗಳು ಮೂರು. 1854ರಲ್ಲಿ ಸಾವಿತ್ರಿಬಾಯಿಯವರ ಕವನ ಸಂಕಲನ 'ಕಾವ್ಯಫುಲೆ' ಪ್ರಕಟವಾಯ್ತು. ಆಗ ಅವರಿಗೆ ಇಪ್ಪತ್ತಮೂರು. ಅದರಲ್ಲಿ ಸಾವಿತ್ರಿ ಮತ್ತು ಜೋತಿಬಾ ಮಾತಾಡಿಕೊಳ್ಳೋ ಒಂದು ಸಂವಾದದ ಪದ್ಯವೂ ಇದೆ. ಹದಿನಾಲ್ಕು ವರ್ಷದ ಹಿಂದೆ ಅಕ್ಷರವೇ ಗೊತ್ತಿಲ್ಲದೆ ಬಂದ ಹುಡುಗಿ ಈಗ ಗಂಡನನ್ನೇ ಪದ್ಯದೊಳಗೆ ತಂದು ಮಾತಾಡಿಸ್ತಾಳೆ ನೋಡಿ.

ಮೊದಲ ಕಾಗದ: ತವರುಮನೆಯಿಂದ

ಈಗ ಕಾಗದಗಳಿಗೆ ಬರೋಣ.

1856ರ ಅಕ್ಟೋಬರ್. ಸಾವಿತ್ರಿಬಾಯಿಗೆ ಹುಷಾರಿಲ್ಲ. ಸುಧಾರಿಸಿಕೊಳ್ಳೋಕೆ ತವರಿಗೆ ಹೋಗಿದ್ದಾರೆ. ಅಣ್ಣ ಚೆನ್ನಾಗಿ ನೋಡಿಕೊಳ್ತಿದ್ದಾನೆ. ಕಾಗದ ಶುರುವಾಗೋದು ಆರೋಗ್ಯದ ಸುದ್ದಿಯಿಂದ. ತಾನು ಇಲ್ಲದೆ ಫಾತಿಮಾಗೆ ಕೆಲಸದ ಹೊರೆ ಜಾಸ್ತಿಯಾಗಿರುತ್ತೆ, ಆದ್ರೂ ಆಕೆ ಗೊಣಗೋಳಲ್ಲ ಅಂತ ಬರೀತಾರೆ. ಹಾಸಿಗೆ ಹಿಡಿದರೂ ಮನಸ್ಸು ಶಾಲೆಯಲ್ಲೇ ಇದೆ.

ಆಮೇಲೆ ನಿಜವಾದ ವಿಷಯ ಬರುತ್ತೆ. ಅಷ್ಟು ಪ್ರೀತಿಯಿಂದ ಆರೈಕೆ ಮಾಡೋ ಅದೇ ಅಣ್ಣ ಒಂದು ದಿನ ಜಗಳ ತೆಗೀತಾನೆ. ನೀನೂ ನಿನ್ನ ಗಂಡನೂ ಕೆಳಜಾತಿಯವರಿಗೆ ಓದಿಸಿ ಕುಲಗೆಡಿಸ್ತಿದ್ದೀರಿ, ನಿಮ್ಮನ್ನ ಜಾತಿಯಿಂದ ಹೊರಗೆ ಹಾಕಿರೋದು ಸರಿಯೇ, ಜಾತಿ ಹೇಳಿದ ಹಾಗೆ ನಡೆಯಿರಿ ಅಂತಾನೆ. ಅಮ್ಮ ಅದನ್ನ ಕೇಳಿ ಸಂಕಟಪಡ್ತಾರೆ. ಸಾವಿತ್ರಿಬಾಯಿ ಸುಮ್ಮನಿರಲ್ಲ. ಹಸು ಆಡುಗಳನ್ನ ಮುದ್ದು ಮಾಡ್ತೀಯ, ನಾಗರಪಂಚಮಿಗೆ ಹಾವಿಗೆ ಹಾಲೆರೀತೀಯ, ನಿನ್ನ ಹಾಗೇ ಇರೋ ಮನುಷ್ಯನನ್ನ ಮುಟ್ಟಬಾರದು ಅಂತೀಯಲ್ಲ, ಯಾಕೆ ಅಂತ ಕೇಳ್ತಾರೆ. ಅಣ್ಣನಿಗೆ ಉತ್ತರ ಹೊಳೆಯಲ್ಲ. ನಾಚಿಕೆಯಾಗುತ್ತೆ.

ಗಂಡನನ್ನ ತವರಿನವರು ಬೈದಾಗ ಹೆಂಡತಿ ಏನು ಮಾಡ್ತಾಳೆ ಅನ್ನೋದು ನಮ್ಮ ಹಳ್ಳಿ ಕಥೆಗಳಲ್ಲೂ ಬರೋ ಪ್ರಶ್ನೆ. ಅಳ್ತಾಳೆ, ಇಲ್ಲಾಂದ್ರೆ ಗಂಟು ಮೂಟೆ ಕಟ್ಟಿ ಹೊರಡ್ತಾಳೆ. ಇಲ್ಲಿ ಸಾವಿತ್ರಿಬಾಯಿ ಗಂಡನ ಪರ ವಾದ ಮಾಡೋಕೆ ಹೋಗಲ್ಲ. ಆ ಕೆಲಸ ತನ್ನದೂ ಹೌದು ಅನ್ನೋ ಹಾಗೆ ಮಾತಾಡ್ತಾರೆ. ಆಮೇಲೆ ನಡೆದದ್ದನ್ನೆಲ್ಲ ಕೂತು ಗಂಡನಿಗೆ ಬರೀತಾರೆ.

ಎರಡನೇ ಕಾಗದ: ಇವರಿಬ್ಬರನ್ನ ಕಳಿಸ್ತಿದ್ದೀನಿ

1868ರ ಆಗಸ್ಟ್ 29. ಮತ್ತೆ ನಾಯಗಾಂವ್‌ನಿಂದ. ಈ ಕಾಗದ ಇವತ್ತಿನ ಸುದ್ದಿ ಓದಿದ ಹಾಗಿದೆ.

ಗಣೇಶ ಅನ್ನೋ ಬ್ರಾಹ್ಮಣ ಹುಡುಗ. ಊರೂರು ಸುತ್ತಿ ಪಂಚಾಂಗ ಹೇಳ್ತಿದ್ದ. ಶಾರ್ಜಾ ಅನ್ನೋ ಮಹಾರ್ ಹುಡುಗಿಯನ್ನ ಪ್ರೀತಿಸಿದ. ಆಕೆ ಆರು ತಿಂಗಳ ಬಸುರಿ. ಊರಿಗೆ ಗೊತ್ತಾಯ್ತು. ಜನ ಇಬ್ಬರನ್ನೂ ಹಿಡಿದು ಹೊಡೀತಾ ಬೀದಿಯಲ್ಲಿ ಮೆರವಣಿಗೆ ಮಾಡಿದರು. ಕೊಂದೇ ಹಾಕ್ತೀವಿ ಅಂತ ನಿಂತಿದ್ರು. ಸುದ್ದಿ ಕೇಳಿದ ಸಾವಿತ್ರಿಬಾಯಿ ಓಡಿ ಹೋಗಿ ಗುಂಪಿನ ಎದುರು ನಿಂತರು. ಕೊಲೆ ಮಾಡಿದ್ರೆ ಬ್ರಿಟಿಷ್ ಸರ್ಕಾರದ ಕಾನೂನಿನಲ್ಲಿ ಏನಾಗುತ್ತೆ ಗೊತ್ತಾ ಅಂತ ಹೆದರಿಸಿದರು. ಕೊನೆಗೆ ಇಬ್ಬರೂ ಊರು ಬಿಡಬೇಕು ಅಂತ ತೀರ್ಮಾನ ಆಯ್ತು. ಜೀವ ಉಳೀತು.

ಈಗ ಇವರನ್ನ ಎಲ್ಲಿಗೆ ಕಳಿಸೋದು? ಪುಣೆಗೆ. ಜ್ಯೋತಿಬಾ ಹತ್ತಿರ.

ನನ್ನನ್ನ ತುಂಬಾ ತಟ್ಟೋದು ಇದೇ. ಫೋನಿಲ್ಲ. ಮನೇಲಿ ಜಾಗ ಇದೆಯಾ, ದುಡ್ಡಿದೆಯಾ ಅಂತ ಮೊದಲೇ ಕೇಳೋ ದಾರಿಯಿಲ್ಲ. ಒಂದು ಬಸುರಿ ಹುಡುಗಿ, ಏಟು ತಿಂದ ಒಬ್ಬ ಹುಡುಗ, ಇಬ್ಬರನ್ನೂ ಗಂಡನ ಬಾಗಿಲಿಗೆ ಕಳಿಸ್ತಾರೆ. ಅಲ್ಲಿ ಬಾಗಿಲು ತೆರೆಯುತ್ತೆ ಅನ್ನೋದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಇಪ್ಪತ್ತೆಂಟು ವರ್ಷ ಒಟ್ಟಿಗೆ ಬದುಕಿದ ಮೇಲೆ ಬರೋ ನಂಬಿಕೆ ಅದು. ಪ್ರೀತಿ ಅಂದ್ರೆ ಏನು ಅಂತ ಕೇಳಿದ್ರೆ ನಾನು ಈ ಕಾಗದ ತೋರಿಸ್ತೀನಿ.

ಮಕ್ಕಳಿಲ್ಲದ ಮನೆಯ ತೊಟ್ಟಿಲು

ಇವರಿಗೆ ಮಕ್ಕಳಾಗಲಿಲ್ಲ. ಆ ಕಾಲದಲ್ಲಿ ಮಕ್ಕಳಾಗಲಿಲ್ಲ ಅಂದ್ರೆ ತಪ್ಪು ಹೆಂಡತಿಯದ್ದೇ. ಪರಿಹಾರನೂ ಸಿದ್ಧವಾಗಿರ್ತಿತ್ತು, ಎರಡನೇ ಮದುವೆ. ಮನೆಯವರು ಒತ್ತಾಯ ಮಾಡಿದರು. ಜ್ಯೋತಿಬಾ ಒಪ್ಪಲಿಲ್ಲ. ಗಂಡ ಇನ್ನೊಬ್ಬಳನ್ನ ತರಬಹುದು ಅನ್ನೋದಾದ್ರೆ ಹೆಂಡತಿ ಇನ್ನೊಬ್ಬನನ್ನ ತಂದ್ರೆ ಗಂಡ ಸಹಿಸ್ತಾನಾ ಅನ್ನೋದು ಅವರ ವಾದದ ಸಾರ. ಕೊನೆಯ ಪುಸ್ತಕದಲ್ಲೂ ಈ ಮಾತನ್ನ ಎತ್ತಿದ್ದಾರೆ.

1863ರಲ್ಲಿ ಗಂಡ ಹೆಂಡತಿ ಸೇರಿ ತಮ್ಮ ಮನೆಯಲ್ಲೇ ಒಂದು ಆಶ್ರಯ ತೆರೆದರು. ಬಾಲ್ಯದಲ್ಲೇ ವಿಧವೆಯರಾದ ಹುಡುಗಿಯರು, ಎಷ್ಟೋ ಸಲ ಮನೆಯವರಿಂದಲೇ ಮೋಸ ಹೋಗಿ, ಬಸುರಿಯಾಗ್ತಿದ್ರು. ಮಾನಕ್ಕೆ ಹೆದರಿ ಹುಟ್ಟಿದ ಮಗುವನ್ನ ಕೊಲ್ತಿದ್ರು, ಇಲ್ಲಾ ತಾವೇ ಬಾವಿಗೆ ಬೀಳ್ತಿದ್ರು. ಅಂಥವರು ಗುಟ್ಟಾಗಿ ಬಂದು ಹೆತ್ತು ಹೋಗಬಹುದು, ಮಗು ಬಿಟ್ಟು ಹೋದರೂ ನೋಡಿಕೊಳ್ತೀವಿ ಅಂತ ಇವರು ಹೇಳಿದರು. 1884ರ ಹೊತ್ತಿಗೆ ಅಲ್ಲಿಗೆ ಬಂದ ವಿಧವೆಯರು ಮೂವತ್ತೈದು. ಬಾಣಂತನ ಮಾಡಿದ್ದು, ಎಳೆ ಕೂಸುಗಳನ್ನ ಎತ್ತಿ ಆಡಿಸಿದ್ದು ಸಾವಿತ್ರಿಬಾಯಿ. ಬಂಜೆ ಅಂತ ಜನ ಆಡಿಕೊಳ್ತಿದ್ದ ಹೆಂಗಸಿನ ಮನೇಲಿ ತೊಟ್ಟಿಲು ಖಾಲಿಯಾಗಲೇ ಇಲ್ಲ.

ಹಾಗೆ ಬಂದ ಒಬ್ಬ ವಿಧವೆಯ ಮಗನನ್ನ 1874ರಲ್ಲಿ ಇವರು ದತ್ತು ತಗೊಂಡರು. ಹೆಸರು ಯಶವಂತ. ಓದಿಸಿ ಡಾಕ್ಟರ್ ಮಾಡಿದರು. ಈ ಹುಡುಗನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಜ್ಯೋತಿಬಾ ಕಂಟ್ರಾಕ್ಟ್ ಕೆಲಸ ಮಾಡ್ತಿದ್ರು. ಪುಣೆ ಹತ್ತಿರದ ಖಡಕವಾಸ್ಲಾ ಅಣೆಕಟ್ಟಿಗೆ ಸಾಮಗ್ರಿ ಒದಗಿಸಿದವರಲ್ಲಿ ಅವರೂ ಒಬ್ಬರು. ಮಾಂಜರಿಯಲ್ಲಿ ಜಮೀನಿತ್ತು. ದುಡಿದದ್ದು ಹೀಗೇ ಖರ್ಚಾಯ್ತು.

1873ರಲ್ಲಿ ಸತ್ಯಶೋಧಕ ಸಮಾಜ ಹುಟ್ಟಿತು. ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ಕಡಿಮೆ ಖರ್ಚಿನ ಮದುವೆಗಳು ಅಲ್ಲಿ ಶುರುವಾದವು. ಜ್ಯೋತಿಬಾ ಹೊಸ ಮಂಗಳಾಷ್ಟಕವನ್ನೇ ಬರೆದರು. ಅದರಲ್ಲಿ ಹೆಣ್ಣಿಗೆ ಸಲ್ಲಬೇಕಾದ ಹಕ್ಕು ಕೊಡ್ತೀಯಾ ಅಂತ ಮದುಮಗಳು ಮದುಮಗನಿಂದ ಮಾತು ತಗೋತಾಳೆ. ತಮ್ಮ ಮದುವೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನ ಇವರು ಬೇರೆಯವರ ಮದುವೆಯಲ್ಲಿ ಕೇಳಿಸಿದರು.

ಮೂರನೇ ಕಾಗದ: ಬರಗಾಲದಿಂದ

1877ರ ಏಪ್ರಿಲ್ 20. ಜುನ್ನರ್ ಕಡೆಯ ಓತೂರಿನಿಂದ ಬರೆದ ಕಾಗದ.

ಈ ಬರಗಾಲ ನಮಗೂ ಗೊತ್ತು. ನಮ್ಮ ಕಡೆ ಹಿರಿಯರು ಇದನ್ನ 'ಧಾತು ಈಶ್ವರ ಬರ' ಅಂತ ಕರೀತಿದ್ರು. ಧಾತು, ಈಶ್ವರ ಎರಡೂ ಸಂವತ್ಸರದ ಹೆಸರು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷಕ್ಕಿಂತ ಹೆಚ್ಚು ಜನ ಇದ್ರು. 1881ರ ಗಣತಿಯಲ್ಲಿ ಆ ಸಂಖ್ಯೆ 42 ಲಕ್ಷಕ್ಕೂ ಕೆಳಗೆ ಬಂತು. ಹತ್ತು ವರ್ಷದಲ್ಲಿ ಜನ ಬೆಳೆಯಬೇಕಿತ್ತು, ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾಯ್ತು. ಸಾವಿತ್ರಿಬಾಯಿ ಓಡಾಡ್ತಿದ್ದದ್ದು ಅದೇ ಬರದ ಇನ್ನೊಂದು ತುದಿಯಲ್ಲಿ.

ನೆಲ ಬಿರುಕು ಬಿಟ್ಟಿದೆ, ದನಕರು ಸಾಯ್ತಿವೆ, ಜನ ಊರು ಬಿಟ್ಟು ಹೋಗ್ತಿದ್ದಾರೆ ಅಂತ ಬರೀತಾರೆ. ಈ ಹೊತ್ತಲ್ಲೂ ಸಾಹುಕಾರರು ಜನರನ್ನ ಸುಲಿಗೆ ಮಾಡ್ತಿದ್ರು. ಗಲಾಟೆ ಆಯ್ತು. ಸತ್ಯಶೋಧಕ ಕಾರ್ಯಕರ್ತರನ್ನ ಅಧಿಕಾರಿಗಳು ಹಿಡಿದು ಹಾಕಿದರು. ಸಾವಿತ್ರಿಬಾಯಿ ನೇರವಾಗಿ ಕಲೆಕ್ಟರ್ ಹತ್ತಿರ ಹೋಗಿ ಮಾತಾಡಿ ಅವರನ್ನ ಬಿಡಿಸಿಕೊಂಡು ಬಂದರು. ಇಷ್ಟೆಲ್ಲ ಬರೆದು, ಈ ಕೆಲಸದಲ್ಲಿ ಸದಾ ನಿಮ್ಮ ಜೊತೆಗಿರಬೇಕು ಅನ್ನೋ ಆಸೆ ಹೇಳಿ ಮುಗಿಸ್ತಾರೆ. ಆ ವರ್ಷ ಪುಣೆ ಹತ್ತಿರದ ಧನಕವಡಿಯಲ್ಲಿ ಹಸಿದ ಮಕ್ಕಳಿಗೆ ಊಟ ಹಾಕೋ ಶಿಬಿರವನ್ನೂ ನಡೆಸಿದರು.

ಮೂರು ಕಾಗದದಲ್ಲೂ ಒಂದು ವಿಷಯ ಗಮನಿಸಿ. ಸೀರೆ ತಂದುಕೊಡಿ, ಬೇಗ ಬನ್ನಿ, ನನ್ನನ್ನ ಮರೆತಿರಾ, ಈ ಥರದ್ದು ಒಂದೂ ಇಲ್ಲ. ಹಾಗಂತ ಒಣ ಕಾಗದ ಅಲ್ಲ. ಇವತ್ತು ಹೀಗಾಯ್ತು, ನಾನು ಹೀಗೆ ಮಾಡಿದೆ, ನಿಮಗೆ ಹೇಳಬೇಕು ಅನ್ನಿಸ್ತು ಅನ್ನೋ ಆತುರ ಎಲ್ಲಾ ಕಡೆ ಇದೆ. ನಡೆದದ್ದನ್ನ ಮೊದಲು ಯಾರಿಗೆ ಹೇಳಬೇಕು ಅನ್ನಿಸುತ್ತೋ ಅವರೇ ತಾನೇ ನಮ್ಮವರು?

ಎಡಗೈಯ ಬರಹ, ಬೆಂಕಿಯ ಮಡಕೆ

1888ರ ಮೇ 11ರಂದು ಮುಂಬೈಯಲ್ಲಿ ಜನ ಜ್ಯೋತಿಬಾಗೆ 'ಮಹಾತ್ಮ' ಅನ್ನೋ ಬಿರುದು ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಪಾರ್ಶ್ವವಾಯು ಹೊಡೀತು. ಬಲಭಾಗ ಬಿದ್ದುಹೋಯ್ತು. ಕೈಯಲ್ಲಿ ದುಡ್ಡೂ ಇರಲಿಲ್ಲ. ಬರೋಡಾದ ಸಯಾಜಿರಾವ್ ಗಾಯಕವಾಡ್ ಅಂಥವರು ಸಹಾಯ ಮಾಡಿದರು.

ಬಲಗೈ ಹೋದ ಮನುಷ್ಯ ಎಡಗೈಯಲ್ಲಿ ಬರೆಯೋಕೆ ಕೂತರು. ಕೊನೆಯ ಪುಸ್ತಕ 'ಸಾರ್ವಜನಿಕ ಸತ್ಯಧರ್ಮ'ವನ್ನ 1889ರ ಏಪ್ರಿಲ್ ಹೊತ್ತಿಗೆ ಮುಗಿಸಿದರು. ಹೆಣ್ಣು ಗಂಡು ಸಮಾನ ಅನ್ನೋ ಮಾತನ್ನ ಅದರಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಾರೆ. ಪಾರ್ಶ್ವವಾಯು ಬಡಿದವರನ್ನ ಮನೇಲಿ ನೋಡಿಕೊಂಡವರಿಗೆ ಗೊತ್ತಿರುತ್ತೆ, ಒಂದು ಲೋಟ ನೀರು ಕುಡಿಸೋದೂ ಎರಡು ಜನರ ಕೆಲಸ. ಆ ಪುಸ್ತಕದ ಹಿಂದೆ ಬರೆದವರ ಎಡಗೈ ಜೊತೆ ಇನ್ನೂ ಎರಡು ಕೈ ಇದ್ದವು ಅಂತ ನಾನು ಅಂದುಕೊಳ್ತೀನಿ.

1890ರ ನವೆಂಬರ್ 28ರಂದು ಜ್ಯೋತಿಬಾ ತೀರಿಕೊಂಡರು.

ಶವಯಾತ್ರೆಯಲ್ಲಿ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯೋದು ಗಂಡುಮಗನ ಹಕ್ಕು. ಯಶವಂತ ದತ್ತು ಮಗ, ಅದೂ ವಿಧವೆಯ ಮಗ, ಅವನಿಗೆ ಹಕ್ಕಿಲ್ಲ ಅಂತ ನೆಂಟರಲ್ಲಿ ತಕರಾರು ಎದ್ದಿತು. ಸಾವಿತ್ರಿಬಾಯಿ ಯಾರ ಒಪ್ಪಿಗೆಗೂ ಕಾಯಲಿಲ್ಲ. ಮಡಕೆಯನ್ನ ತಾವೇ ಎತ್ತಿಕೊಂಡರು. ಶವದ ಮುಂದೆ ನಡೆದರು. ಚಿತೆಗೆ ತಾವೇ ಬೆಂಕಿ ಕೊಟ್ಟರು. ಹೆಂಗಸರು ಸ್ಮಶಾನದ ಹತ್ತಿರಕ್ಕೂ ಹೋಗದಿದ್ದ ಕಾಲ. ನಾವು ಈಗಲೂ ಎಷ್ಟು ಮನೆಗಳಲ್ಲಿ ಇದನ್ನ ಒಪ್ತೀವಿ, ಯೋಚನೆ ಮಾಡಿ.

ಆಮೇಲೆ ಅವರು ಮೂಲೆ ಹಿಡಿದು ಕೂರಲಿಲ್ಲ. ಸತ್ಯಶೋಧಕ ಸಮಾಜವನ್ನ ಮುನ್ನಡೆಸಿದರು, 1893ರಲ್ಲಿ ಸಾಸವಡ್ ಅಧಿವೇಶನದ ಅಧ್ಯಕ್ಷರಾದರು. 1897ರಲ್ಲಿ ಪುಣೆಗೆ ಪ್ಲೇಗ್ ಬಂತು. ಮರುವರ್ಷ ಬೆಂಗಳೂರನ್ನ ಅಲ್ಲಾಡಿಸಿದ್ದೂ ಅದೇ ಕಾಯಿಲೆ. ಡಾಕ್ಟರ್ ಮಗ ಯಶವಂತನ ಜೊತೆ ಸೇರಿ ಹಡಪ್ಸರ್ ಕಡೆ ಊರ ಹೊರಗೆ ಆಸ್ಪತ್ರೆ ತೆರೆದರು. ಮುಂಢವಾದಲ್ಲಿ ಪ್ಲೇಗ್ ತಗುಲಿದ್ದ ಒಬ್ಬ ಹುಡುಗನನ್ನ ಬೆನ್ನ ಮೇಲೆ ಹೊತ್ತು ತಂದರು. ಅವರಿಗೂ ಸೋಂಕು ತಗುಲಿತು. 1897ರ ಮಾರ್ಚ್ 10ರಂದು, ಅರವತ್ತಾರನೇ ವಯಸ್ಸಿನಲ್ಲಿ ತೀರಿಕೊಂಡರು.

ಇದರಿಂದ ನಾವು ತಗೊಳ್ಳೋದೇನು?

ಐವತ್ತು ವರ್ಷ ಜೊತೆಗಿದ್ದರು ಅನ್ನೋದೇ ದೊಡ್ಡದು ಅಂತ ನಾನು ಹೇಳಲ್ಲ. ಬೇರೆ ದಾರಿಯಿಲ್ಲದೆ ಐವತ್ತು ವರ್ಷ ಜೊತೆಗಿದ್ದ ಹೆಂಗಸರು ನಮ್ಮ ಎಲ್ಲರ ಮನೆಯಲ್ಲೂ ಇದ್ದಾರೆ. ಸಹಿಸಿಕೊಂಡು ಹೋಗು ಅನ್ನೋ ಮಾತನ್ನ ಅವರಿಗೆ ಮಾತ್ರ ಹೇಳಿದ್ದೇವೆ. ಫುಲೆ ದಂಪತಿಗಳಲ್ಲಿ ಕಷ್ಟ ಇಬ್ಬರಿಗೂ ಹಂಚಿಕೆಯಾಗಿತ್ತು. ಗಂಡ ಅಪ್ಪನ ಮನೆ ಬಿಟ್ಟರು, ಹೆಂಡತಿ ಅಣ್ಣನ ಮಾತು ಎದುರಿಸಿದರು. ಗಂಡ ಎರಡನೇ ಮದುವೆ ಬೇಡ ಅಂದರು, ಹೆಂಡತಿ ಪರರ ಮಕ್ಕಳ ಬಾಣಂತನ ಮಾಡಿದರು. ಒಬ್ಬರೇ ಹೊತ್ತಿದ್ರೆ ಅದು ತ್ಯಾಗ ಆಗ್ತಿತ್ತು, ಇಬ್ಬರೂ ಹೊತ್ತಿದ್ದಕ್ಕೆ ಸಂಸಾರ ಆಯ್ತು.

2014ರಿಂದ ಪುಣೆ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿ ಅವರ ಹೆಸರಿದೆ. ಕೊಳೆ ಎರಚಿಸಿಕೊಂಡು ನಡೆದ ಊರಲ್ಲೇ. ಅವರಿಬ್ಬರೂ ಬಾಳಿದ ಮನೆ 'ಫುಲೆ ವಾಡಾ' ಪುಣೆಯಲ್ಲಿ ಈಗಲೂ ಇದೆ. ಆ ಕಡೆ ಹೋದ್ರೆ ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಿ ಬನ್ನಿ.

ಹೋಗೋಕೆ ಆಗದಿದ್ರೆ ಇನ್ನೊಂದು ಕೆಲಸ. ಮನೇಲಿ ಅಜ್ಜ ಅಜ್ಜಿ ಇದ್ರೆ, ಅಪ್ಪ ಅಮ್ಮ ಇದ್ರೆ, ಇವತ್ತು ರಾತ್ರಿ ಊಟ ಆದ್ಮೇಲೆ ಕೇಳಿ: ನಿಮ್ಮ ಅತಿ ಕಷ್ಟದ ವರ್ಷ ಯಾವುದು, ಆಗ ಯಾರು ಏನು ಮಾಡಿದ್ರಿ ಅಂತ. ಇಬ್ಬರನ್ನೂ ಬೇರೆ ಬೇರೆ ಕೇಳಿ. ಎರಡು ಉತ್ತರ ಬರುತ್ತೆ. ಎರಡನ್ನೂ ಫೋನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಸಾವಿತ್ರಿಬಾಯಿ ಬರೆದ ಮೂರು ಕಾಗದವನ್ನ ಯಾರೋ ಜೋಪಾನ ಮಾಡಿದ್ದಕ್ಕೇ ಇವತ್ತು ನಾನು ನಿಮಗೆ ಈ ಕಥೆ ಹೇಳೋಕೆ ಆಯ್ತು.